ಗೋಡೆ ಉಂಡ ಯೂನಿಟ್ಟುಗಳು

ಛತ್ರಪತಿ ಸಂಭಾಜಿನಗರ
೪ ನವೆಂಬರ್ ೨೦೨೫

ಚಿ. ವಿಜಯಶ್ರೀಗೆ ಮನ್ಮಥ ಕಾಕಾನ ಆಶೀರ್ವಾದಗಳು.

ದೀಪಾವಳಿಗೆ ನೀನು ಫೋನ್ ಮಾಡಿ ಬಹಳ ಹೊತ್ತು ಮಾತಾಡಿದೆಯಂತೆ. ನನಗೆ ಕೇಳಿಸಿದ್ದು ಕುಕ್ಕರ್ ಸೀಟಿ ಹೊಡೆದಂಥ ಸದ್ದು ಮಾತ್ರ. ಎಲ್ಲದಕ್ಕೂ ‘ಹೂಂ, ಹೂಂ’ ಎಂದೆ. ಏನೇನಕ್ಕೆ ಒಪ್ಪಿಕೊಂಡಿದ್ದೇನೋ ದೇವರೇ ಬಲ್ಲ. ಕಿವಿಯ ಯಂತ್ರ ಹಾಕಿಕೊಂಡರೆ ಅದು ಚೀರುತ್ತದೆ, ತೆಗೆದಿಟ್ಟರೆ ಊರಿಗೆ ಊರೇ ಮೌನ. ವೈದ್ಯರು ಇನ್ನು ಇಷ್ಟೇ ಎಂದಿದ್ದಾರೆ. ಆದ್ದರಿಂದ ಇನ್ನು ನಮ್ಮಿಬ್ಬರ ನಡುವೆ ಅಂಚೆಯವನೇ ಗತಿ. ಮೊಬೈಲಿನಲ್ಲಿ ಒತ್ತಲು ನನ್ನ ಬೆರಳು ದಪ್ಪ. ನಿನಗೂ ಇದರಿಂದ ಲಾಭವಿದೆ. ನಾಸಿಕದಲ್ಲಿ ಹುಟ್ಟಿ ಬೆಳೆದ ಹುಡುಗಿಗೆ ಬೇಸಿಗೆ ರಜೆಯಲ್ಲಿ ಮಂಟಪದ ನೆಲದ ಮೇಲೆ ಕೂರಿಸಿ ಕನ್ನಡ ತಿದ್ದಿಸಿದ್ದು ವ್ಯರ್ಥವಾಗಬಾರದಲ್ಲ.

ಈಗ ಕೆಲಸದ ಮಾತು. ನಮ್ಮ ಶರಣ ಮಂಟಪವನ್ನು ಕೆಡವಿ ಹೊಸದು ಕಟ್ಟಬೇಕೆಂದು ಕಮಿಟಿಯಲ್ಲಿ ವಿಚಾರ ಎದ್ದಿದೆ. ಎಬ್ಬಿಸಿದವನು ನಾನೇ. ಕೆಳಗಿನ ಕೋಣೆಗಳು ಸಾಲುತ್ತಿಲ್ಲ. ಬೀದರ, ಕಲಬುರಗಿ ಕಡೆಯಿಂದ ಇಲ್ಲಿಯ ಆಸ್ಪತ್ರೆಗೆ ಬರುವವರಿಗೆ, ವೇರೂಳಿನ ಜ್ಯೋತಿರ್ಲಿಂಗಕ್ಕೆ ಹೋಗುವವರಿಗೆ ಎಷ್ಟೋ ಸಲ ಜಾಗವಿಲ್ಲ ಎನ್ನಬೇಕಾಗಿದೆ. ಮೇಲಿನ ಸಭಾಂಗಣಕ್ಕೆ ಲಿಫ್ಟ್ ಇಲ್ಲ. ಪುಣೆಯ ಒಂದು ದಾನಿ ಸಂಸ್ಥೆ ನೆರವು ಕೊಡಲು ಒಪ್ಪಿದೆ, ಆದರೆ ವಿಚಿತ್ರವಾದ ಒಂದು ಕಾಗದ ಕೇಳುತ್ತಿದೆ. ಕಟ್ಟಡ ಕಟ್ಟಲು ಎಷ್ಟು ಶಕ್ತಿ ಖರ್ಚಾಗುತ್ತದೆ ಎಂದು ಲೆಕ್ಕ ತೋರಿಸಬೇಕಂತೆ. ನಾನು ಜೀವಮಾನವೆಲ್ಲ ವಿದ್ಯುತ್ ಮಂಡಳಿಯಲ್ಲಿ ಮೀಟರ್ ಓದಿದವನು. ಮೀಟರಿಲ್ಲದ ಗೋಡೆಗೆ ಬಿಲ್ಲು ಮಾಡುವುದು ಹೇಗೆಂದು ಗೊತ್ತಿಲ್ಲ. ನಿನಗೆ ಅದೇ ಕೆಲಸವೆಂದು ನಿನ್ನ ಅಪ್ಪ ಹೇಳಿದ. ಸಂಕ್ರಾಂತಿಯ ನಂತರ ದೊಡ್ಡ ಸಭೆ. ಕೆಡವುವುದೇ ಸರಿ ಎಂದು ಕಾಗದ ಹೇಳಿದರೆ ಎಲ್ಲರೂ ಒಪ್ಪುತ್ತಾರೆ.

ಮನೆಯಲ್ಲಿ ಕ್ಷೇಮ. ನಿನ್ನ ಪ್ರೇಮಾ ಕಾಕುವಿಗೆ ಮೊಣಕಾಲು ನೋವು. ಸೋಮವಾರದ ವಚನ ಹಾಡಿಗೆ ಮಂಟಪ ಹತ್ತುವುದನ್ನು ಬಿಟ್ಟಿದ್ದಾಳೆ.

ಪತ್ರ ತಲುಪಿದ ಕೂಡಲೇ ಉತ್ತರ ಬರೆ.

ನಿನ್ನ ಕಾಕಾ
ಮನ್ಮಥಪ್ಪ

*

ನಾಸಿಕ
೧೬ ನವೆಂಬರ್ ೨೦೨೫

ಕಾಕಾ ಅವರಿಗೆ ವಿಜೂಳ ಶರಣು.

ದೀಪಾವಳಿಯಲ್ಲಿ ನೀವು ಒಪ್ಪಿಕೊಂಡದ್ದು ಇಷ್ಟು: ಕಾಕುವನ್ನು ಕರೆದುಕೊಂಡು ನಾಸಿಕಕ್ಕೆ ಬಂದು ಒಂದು ವಾರ ಇರುವುದು, ನನಗೆ ಮದುವೆಯ ಮಾತು ಎತ್ತದೇ ಇರುವುದು. ಎರಡಕ್ಕೂ ‘ಹೂಂ’ ಎಂದಿದ್ದೀರಿ. ಸಾಕ್ಷಿಗೆ ಅಪ್ಪ ಇದ್ದಾರೆ.

ನಿಮ್ಮ ಪತ್ರ ಓದಿ ನನಗೆ ಸಂಕಟವಾಯಿತು, ಮುಚ್ಚಿಡುವುದಿಲ್ಲ. ಆ ಕಪ್ಪು ಕಲ್ಲಿನ ಗೋಡೆ ಬೇಸಿಗೆಯಲ್ಲಿ ಎಷ್ಟು ತಣ್ಣಗಿರುತ್ತಿತ್ತೆಂದರೆ ಬೆನ್ನು ಹಚ್ಚಿ ಕೂತು ಮಗ್ಗಿ ಹೇಳುತ್ತಿದ್ದೆ. ಕೆಡವಬೇಡಿ ಎಂದು ಬೇಡಿಕೊಳ್ಳುವ ಮನಸ್ಸಿದೆ. ಆದರೆ ನೀವು ಕೇಳಿದ್ದು ನನ್ನ ಮನಸ್ಸನ್ನಲ್ಲ, ಲೆಕ್ಕವನ್ನು. ತಕ್ಕಡಿಯ ಮೇಲೆ ಬೆರಳು ಒತ್ತುವುದಿಲ್ಲ. ಲೆಕ್ಕ ಏನು ಹೇಳುತ್ತದೋ ಅದನ್ನೇ ಬರೆಯುತ್ತೇನೆ.

ಕೆಲಸ ಹೀಗಿದೆ. ನಾವು ಕಂಪ್ಯೂಟರಿನಲ್ಲಿ ಕಟ್ಟುವ ಮಾದರಿ ಬರೀ ಚಿತ್ರವಲ್ಲ. ಅದರೊಳಗಿನ ಯಾವ ಗೋಡೆಯನ್ನು ಮುಟ್ಟಿದರೂ ಅದು ತನ್ನ ಕುಲಗೋತ್ರವನ್ನೆಲ್ಲ ಹೇಳುತ್ತದೆ. ಯಾವುದರಿಂದ ಕಟ್ಟಿದ್ದು, ಎಷ್ಟು ದಪ್ಪ, ಎಷ್ಟು ದೂರದಿಂದ ಬಂತು ಎಲ್ಲವನ್ನೂ. ಸಿಮೆಂಟಿನ ಭಟ್ಟಿಯಲ್ಲಿ ಉರಿದ ಕಲ್ಲಿದ್ದಲು, ಕಬ್ಬಿಣ ಕರಗಿಸಿದ ಬೆಂಕಿ, ಇಟ್ಟಿಗೆ ಸುಟ್ಟ ಗೂಡು, ಲಾರಿ ಕುಡಿದ ಡೀಸೆಲ್ ಇವನ್ನೆಲ್ಲ ಕೂಡಿಸಿದರೆ, ಒಂದು ಕಟ್ಟಡ ಅದರಲ್ಲಿ ಮೊದಲ ದೀಪ ಹಚ್ಚುವ ಮೊದಲೇ ಎಷ್ಟು ಉಂಡಿದೆ ಎಂದು ತಿಳಿಯುತ್ತದೆ. ನಿಮಗೆ ಅರ್ಥವಾಗಲೆಂದು ಯೂನಿಟ್ಟಿನಲ್ಲೇ ಕೊಡುತ್ತೇನೆ.

ಎರಡು ಮಾದರಿ ಮಾಡುತ್ತೇನೆ. ಒಂದು, ಪೂರಾ ಕೆಡವಿ ಮೂರಂತಸ್ತಿನ ಹೊಸ ಕಟ್ಟಡ. ಇನ್ನೊಂದು, ಹಳೆಯದನ್ನು ದುರಸ್ತಿ ಮಾಡಿ ಉಳಿಸಿಕೊಂಡು, ಹಿಂದಿನ ಬಯಲಿನಲ್ಲಿ ಕೋಣೆಗಳನ್ನು ಕಟ್ಟುವುದು. ಹಳೆಯ ನಕ್ಷೆ ಇಲ್ಲವೆಂದು ಗೊತ್ತು, ಅಳತೆ ಕಳಿಸಿ.

ಒಂದು ಮಾತು ಕೇಳುತ್ತೇನೆ. ಆ ಮಂಟಪದ ಬಾಗಿಲಿಗೆ ಪ್ರತಿವರ್ಷ ಎಣ್ಣೆ ಹಚ್ಚುವವರು ನೀವು. ಕೆಡವುವ ವಿಚಾರ ನಿಮಗೇ ಹೇಗೆ ಬಂತು? ಉದ್ಘಾಟನೆಯ ಕಲ್ಲಿನಲ್ಲಿ ಹೆಸರು ಕೆತ್ತಿಸುವ ಆಸೆಯೇ?

ನಿಫಾಡಿನಿಂದ ಅಪ್ಪ ತಂದ ಒಣದ್ರಾಕ್ಷಿ ಬೇರೆ ಪೊಟ್ಟಣದಲ್ಲಿ ಕಳಿಸಿದ್ದೇನೆ. ಕಾಕುವಿಗೆ ಕೊಡಿ, ನೀವೇ ಮುಗಿಸಬೇಡಿ.

ವಿಜಯಶ್ರೀ

*

ಸಂಭಾಜಿನಗರ
೨೭ ನವೆಂಬರ್ ೨೦೨೫

ಚಿ. ವಿಜೂಗೆ ಆಶೀರ್ವಾದಗಳು.

ಅಳತೆಗಳನ್ನು ಜೊತೆಗಿರುವ ಹಾಳೆಯಲ್ಲಿ ಬರೆದಿದ್ದೇನೆ. ನನಗೆ ಟೇಪ್ ಹಿಡಿಯಲು ನಮ್ಮ ಅಧ್ಯಕ್ಷ ವಿಶ್ವನಾಥಪ್ಪನವರೇ ಬಂದಿದ್ದರು. ಮನುಷ್ಯ ದೊಡ್ಡವನು, ಟೇಪಿನ ಯಾವ ತುದಿ ಸೊನ್ನೆ ಎಂಬುದು ಮಾತ್ರ ತಿಳಿಯದು. ಗೋಡೆಯ ದಪ್ಪ ಒಂದೂವರೆ ಅಡಿ. ಮಹಡಿಗೆ ಹೋಗುವ ಕಲ್ಲಿನ ಮೆಟ್ಟಿಲು ಕಡಿದಾಗಿದೆ, ಒಂದೇ ಕಡೆ ಗೋಡೆ, ಇನ್ನೊಂದು ಕಡೆ ಹಿಡಿದುಕೊಳ್ಳಲು ಏನೂ ಇಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೋ.

ಹೆಸರು ಕೆತ್ತಿಸುವ ಆಸೆ ಎಂದೆಯಲ್ಲ. ಊರಿನ ಎಲ್ಲ ಮೀಟರ್ ಪೆಟ್ಟಿಗೆಯ ಕಾರ್ಡಿನಲ್ಲೂ ನನ್ನ ಸಹಿ ಇತ್ತು ಮಗಳೇ, ಆ ಚಪಲ ತೀರಿದೆ. ಕಟ್ಟಡ ಜನರಿಗೆ ಅನುಕೂಲ ಆಗಬೇಕು, ಅಷ್ಟೇ. ಈ ಪ್ರಶ್ನೆ ಮತ್ತೆ ಕೇಳಬೇಡ.

ದ್ರಾಕ್ಷಿ ಕಾಕುವಿಗೆ ತಲುಪಿತು. ಮಂಟಪದ ಸುದ್ದಿ ಅವಳಿಗೆ ಹೇಳಿದಾಗ ಅವಳು ಸುಮ್ಮನೆ ಕೈ ಝಾಡಿಸಿದಳು. ‘ಇದ್ದದ್ದ ಇರಲಿ ಬಿಡ್ರಿ’ ಎಂದಂತೆ ತುಟಿ ಆಡಿತು. ಬೇಸರದಲ್ಲಿ ಇದ್ದಾಳೆ. ರೊಟ್ಟಿ ಬಡಿಯುವಾಗ ಮೊದಲು ಹಾಡಿಕೊಳ್ಳುತ್ತಿದ್ದಳು. ನನಗೆ ಕೇಳದಿದ್ದರೂ ತುಟಿ ನೋಡಿ ಯಾವ ವಚನವೆಂದು ಹೇಳುತ್ತಿದ್ದೆ. ಈಗ ತುಟಿ ಅಲುಗುವುದಿಲ್ಲ. ಮೊಣಕಾಲು ನೋವು ಎಷ್ಟಿದ್ದೀತೆಂದು ಅದರಿಂದಲೇ ತಿಳಿದುಕೋ.

ಲೆಕ್ಕ ಬೇಗ ಮಾಡು. ಲಿಫ್ಟ್ ಮರೆಯಬೇಡ.

ಮನ್ಮಥಪ್ಪ

*

ನಾಸಿಕ
೧೯ ಡಿಸೆಂಬರ್ ೨೦೨೫

ಕಾಕಾ ಅವರಿಗೆ ಶರಣು.

ವರದಿ ಜೊತೆಗಿದೆ. ಸಾರಾಂಶ ಇಲ್ಲೇ ಬರೆಯುತ್ತೇನೆ, ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ಕೆಡವಿ ಹೊಸದು ಕಟ್ಟಿದರೆ ಅದು ಸುಮಾರು ಏಳು ಲಕ್ಷ ಯೂನಿಟ್ ಉಣ್ಣುತ್ತದೆ. ನಿಮ್ಮ ಮನೆಯ ಬಿಲ್ಲಿನ ಲೆಕ್ಕದಲ್ಲಿ ಹತ್ತಿರಹತ್ತಿರ ನಾಲ್ಕುನೂರು ವರ್ಷ ದೀಪ ಉರಿಸಬಹುದು. ಹಳೆಯದನ್ನು ಉಳಿಸಿ ಹಿಂದೆ ಕೋಣೆ ಕಟ್ಟಿದರೆ ಒಂಬತ್ತು ಲಕ್ಷ. ಹೌದು, ಹೆಚ್ಚು. ಆ ದಪ್ಪ ಕಲ್ಲಿನ ಗೋಡೆಯೇ ಅಷ್ಟೊಂದು ನುಂಗುತ್ತಿದೆ.

ಉಳಿಸುವುದೇ ಮೇಲು ಎಂದು ಬರುತ್ತದೆಂದು ನಂಬಿದ್ದೆ. ಬಂದ ಉತ್ತರ ನೋಡಿ ಅಳು ಬಂತು. ಮತ್ತೆ ಮತ್ತೆ ಓಡಿಸಿ ನೋಡಿದೆ, ಅಂಕಿ ಅಲುಗಲಿಲ್ಲ. ನಮ್ಮ ಕಚೇರಿಯ ಮೃಣಾಲಿನಿ ಮೇಡಂ ರಜೆಯಲ್ಲಿದ್ದಾರೆ, ಇಲ್ಲದಿದ್ದರೆ ಒಮ್ಮೆ ತೋರಿಸುತ್ತಿದ್ದೆ. ತಕ್ಕಡಿಯ ಮೇಲೆ ಬೆರಳು ಇಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಅದರಂತೆ ಬಂದದ್ದನ್ನು ಬಂದ ಹಾಗೆ ಕಳಿಸುತ್ತಿದ್ದೇನೆ.

ಕೆಡಹುವ ಮೊದಲು ಒಮ್ಮೆ ಕರೆಯಿರಿ. ಆ ಗೋಡೆಗೆ ಬೆನ್ನು ಹಚ್ಚಿ ಸ್ವಲ್ಪ ಹೊತ್ತು ಕೂರಬೇಕು.

ವಿಜೂ

*

ಸಂಭಾಜಿನಗರ
೨೬ ಡಿಸೆಂಬರ್ ೨೦೨೫

ಚಿ. ವಿಜೂಗೆ ಅನೇಕ ಆಶೀರ್ವಾದಗಳು.

ಭೇಷ್ ಮಗಳೇ. ಇಂಥ ಕಾಗದ ಸಿಗುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು. ಕಮಿಟಿಯ ಮುಂದೆ ಓದಿದೆ. ವಿಶ್ವನಾಥಪ್ಪನವರು ‘ನಮ್ಮ ಹುಡುಗಿ ಕಂಪ್ಯೂಟರ್ ಹೇಳಿದ ಮ್ಯಾಲ ನಾವ್ ಯಾರ್ರಿ’ ಎಂದರಂತೆ, ಪಕ್ಕದವರು ಬರೆದು ತೋರಿಸಿದರು. ಜನವರಿ ಹದಿನೆಂಟರ ದೊಡ್ಡ ಸಭೆಯಲ್ಲಿ ಠರಾವು ಆಗುವುದೊಂದೇ ಬಾಕಿ.

ಇನ್ನು ಆ ಮಾದರಿಯನ್ನು ತೆರೆದು ನೋಡುವ ಗೋಜಿಗೆ ಹೋಗಬೇಡ. ಕೆಲಸ ಮುಗಿಯಿತು. ಕಣ್ಣಿಗೆ ವಿಶ್ರಾಂತಿ ಕೊಡು.

ಮನ್ಮಥಪ್ಪ

*

ನಾಸಿಕ
೮ ಜನವರಿ ೨೦೨೬

ಕಾಕಾ ಅವರಿಗೆ ಶರಣು.

ಈ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ. ನನ್ನ ವರದಿ ತಪ್ಪು.

ಸಭೆಯಲ್ಲಿ ತೋರಿಸಲು ಚಂದವಿರಲೆಂದು, ಕಟ್ಟಡ ಹಂತ ಹಂತವಾಗಿ ಮೇಲೇಳುವ ಒಂದು ಚಿಕ್ಕ ಚಿತ್ರ ಮಾಡಹೊರಟೆ. ಹಳೆಯದನ್ನು ಉಳಿಸುವ ಮಾದರಿಯನ್ನೂ ಓಡಿಸಿದೆ. ಮೊದಲ ದೃಶ್ಯದಲ್ಲಿ ಹಳೆಯ ಮಂಟಪ ನಿಂತಿರಬೇಕಿತ್ತು. ಪರದೆಯ ಮೇಲೆ ಬರಿಯ ಮಣ್ಣು. ಆಮೇಲೆ ಆ ಖಾಲಿ ನೆಲದಿಂದ ನಮ್ಮ ಕಪ್ಪು ಕಲ್ಲಿನ ಗೋಡೆ ನಿಧಾನವಾಗಿ ಮೇಲೇಳತೊಡಗಿತು.

ಮಾದರಿಯಲ್ಲಿ ಪ್ರತಿ ಗೋಡೆಗೂ ‘ಮೊದಲೇ ಇದ್ದದ್ದು’ ಅಥವಾ ‘ಈಗ ಕಟ್ಟುವುದು’ ಎಂದು ಗುರುತು ಹಾಕಬೇಕು. ಹಾಕದಿದ್ದರೆ ಕಂಪ್ಯೂಟರ್ ಎಲ್ಲವನ್ನೂ ಹೊಸದೆಂದೇ ತಿಳಿಯುತ್ತದೆ. ನಮ್ಮ ಕಚೇರಿಗೆ ಬರುವುದೆಲ್ಲ ಹೊಸ ಕಟ್ಟಡಗಳೇ. ಹಳೆಯದನ್ನು ಉಳಿಸುತ್ತೇವೆ ಎಂದು ಈವರೆಗೆ ಯಾರೂ ಬಂದಿಲ್ಲ. ಆ ಗುರುತಿನ ಕಡೆ ನಮ್ಮ ಕೈ ಹೋಗುವುದೇ ಇಲ್ಲ. ಹಾಗಾಗಿ, ಅಜ್ಜಂದಿರ ಕಾಲದಲ್ಲಿ ಕಟ್ಟಿ ಮುಗಿಸಿದ ಗೋಡೆಯ ಕಲ್ಲನ್ನು ಈ ವರ್ಷ ಗಣಿಯಿಂದ ತೆಗೆದು, ಯಂತ್ರದಲ್ಲಿ ಕೊರೆದು, ಲಾರಿಯಲ್ಲಿ ತಂದಂತೆ ಲೆಕ್ಕ ಹಿಡಿದುಬಿಟ್ಟಿತು. ಉಂಡು ಎದ್ದವನಿಗೆ ಮತ್ತೆ ಎಲೆ ಹಾಕಿ ಬಡಿಸಿದಂತೆ.

ಗುರುತು ಸರಿಪಡಿಸಿ ಮತ್ತೆ ಓಡಿಸಿದೆ. ಮೃಣಾಲಿನಿ ಮೇಡಂ ಪಕ್ಕದಲ್ಲಿ ಕೂತು ಪ್ರತಿ ಗೋಡೆ ನೋಡಿದರು. ಹಳೆಯದನ್ನು ಉಳಿಸಿದರೆ ಎರಡೂವರೆ ಲಕ್ಷ ಯೂನಿಟ್. ಕೆಡವಿ ಕಟ್ಟಿದರೆ ಅದೇ ಏಳು ಲಕ್ಷ. ಹೊಸ ವರದಿ ಇಟ್ಟಿದ್ದೇನೆ. ಮೊದಲಿನದನ್ನು ಹರಿದು ಹಾಕಿ, ಇದನ್ನು ಸಭೆಯಲ್ಲಿ ಓದಿ.

ನಿಮಗೆ ಕಮಿಟಿಯ ಮುಂದೆ ಮುಜುಗರವಾಗುತ್ತದೆ. ತಪ್ಪು ಹುಡುಗಿಯದು ಎಂದು ಹೇಳಿ. ಬೇಕಾದರೆ ನಾನೇ ಬಂದು ಹೇಳುತ್ತೇನೆ.

ವಿಜಯಶ್ರೀ

*

ನಾಸಿಕ
೨೦ ಜನವರಿ ೨೦೨೬

ಕಾಕಾ ಅವರಿಗೆ.

ಎಂಟನೆಯ ತಾರೀಕಿನ ಪತ್ರ ನಿಮಗೆ ತಲುಪಿದೆ. ಅಂಚೆಯವರ ಬಳಿ ವಿಚಾರಿಸಿದೆ, ನಿಮ್ಮದೇ ಸಹಿ ಇದೆ. ಹದಿನೆಂಟಕ್ಕೆ ಸಭೆ ಎಂದಿದ್ದಿರಿ. ಏನಾಯಿತೆಂದು ಒಂದು ಸಾಲು ಇಲ್ಲ. ಅಪ್ಪ ಕಾಕುವಿಗೆ ಫೋನ್ ಮಾಡಿದರೆ ಅವರು ಮಂಟಪದ ಮಾತು ಬಂದ ಕೂಡಲೇ ಹಾಲು ಉಕ್ಕಿತು ಎಂದು ಇಟ್ಟುಬಿಟ್ಟರಂತೆ.

ನೇರವಾಗಿ ಕೇಳುತ್ತೇನೆ, ಸಿಟ್ಟಾಗಬೇಡಿ. ನನ್ನ ಎರಡನೆಯ ವರದಿಯನ್ನು ಯಾರಿಗಾದರೂ ತೋರಿಸಿದಿರಾ, ಅಥವಾ ನಿಮ್ಮ ಟ್ರಂಕಿನಲ್ಲಿ ಇಟ್ಟಿರಾ? ನನ್ನ ಹೆಸರಿನ ತಪ್ಪು ಕಾಗದ ನೋಡಿ ಆ ಗೋಡೆ ಬಿದ್ದರೆ ನಾನು ಈ ಕೆಲಸ ಮಾಡುವುದಕ್ಕೆ ಅರ್ಥವೇ ಇಲ್ಲ.

ಮುಂದಿನ ಶನಿವಾರವಲ್ಲ, ಅದರ ಮುಂದಿನ ಶನಿವಾರ, ಮೂವತ್ತೊಂದಕ್ಕೆ ಬೆಳಗಿನ ಗಾಡಿಗೆ ಹೊರಡುತ್ತೇನೆ. ನೀವು ಬರಬೇಡ ಎಂದರೂ ಬರುತ್ತೇನೆ.

ವಿಜಯಶ್ರೀ

*

ಸಂಭಾಜಿನಗರ
೨೪ ಜನವರಿ ೨೦೨೬

ಚಿ. ವಿಜೂಗೆ ಆಶೀರ್ವಾದಗಳು.

ಟ್ರಂಕಿನಲ್ಲಿ ಇಟ್ಟಿರಲಿಲ್ಲ. ದೇವರ ಜಗಲಿಯ ಕೆಳಗೆ ಇಟ್ಟಿದ್ದೆ. ಸಭೆ ನಡೆದಿಲ್ಲ. ನೆಗಡಿಯ ನೆಪ ಹೇಳಿ ಫೆಬ್ರವರಿ ಎಂಟಕ್ಕೆ ಮುಂದೆ ಹಾಕಿಸಿದ್ದೇನೆ. ನೀನು ಬರುವ ಮೊದಲು ಇದು ನಿನ್ನ ಕೈಗೆ ಸಿಗಲೆಂದು ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳಲು ಆಗದು, ನೀನು ಏನೆನ್ನುತ್ತೀ ಎಂಬುದೂ ಕೇಳಿಸದು.

ನಿನ್ನ ಮೊದಲ ವರದಿಯ ತಪ್ಪು ನನಗೆ ಬಂದ ದಿನವೇ ಗೊತ್ತಾಗಿತ್ತು. ಮೂರನೆಯ ಹಾಳೆಯಲ್ಲಿ ‘ಕಲ್ಲು ಸಾಗಾಣಿಕೆ’ ಎಂದು ಇತ್ತು. ಗೋಡೆ ನಿಂತಲ್ಲೇ ನಿಂತಿರುವಾಗ ಕಲ್ಲು ಎಲ್ಲಿಂದ ಸಾಗಿಸುತ್ತಾರೆ? ಬಿಲ್ಲು ಕಟ್ಟಿದ ತಿಂಗಳಿಗೆ ಮತ್ತೆ ಬಿಲ್ಲು ಬಂದರೆ ಹಿಡಿಯಲಾರದಷ್ಟು ಮಂಕಾಗಿಲ್ಲ ನಾನು. ಹಿಡಿದೆ, ಬಾಯಿ ಮುಚ್ಚಿಕೊಂಡೆ.

ಯಾಕೆಂದು ಕೇಳು. ನಿನ್ನ ಕಾಕು ಮದುವೆಯಾಗಿ ಭಾಲ್ಕಿಯಿಂದ ಈ ಊರಿಗೆ ಬಂದಾಗ ಒಬ್ಬರ ಮಾತೂ ಅವಳಿಗೆ ತಿಳಿಯುತ್ತಿರಲಿಲ್ಲ. ತರಕಾರಿಯವನ ಹತ್ತಿರ ಬೆರಳು ತೋರಿಸಿ ಕೊಳ್ಳುತ್ತಿದ್ದಳು. ಸೋಮವಾರ ಒಂದು ಸಂಜೆ ಆ ಮಹಡಿಯ ಮೇಲೆ ಹಾರ್ಮೋನಿಯಂ ಮುಂದೆ ಕೂತಾಗ ಮಾತ್ರ ಅವಳು ಅವಳಾಗುತ್ತಿದ್ದಳು. ಈಗ ಮೊಣಕಾಲಿನಿಂದ ಅದೂ ಹೋಯಿತು. ಮನೆಯಲ್ಲಿ ತುಟಿ ಬಿಗಿದು ಕೂತಿರುತ್ತಾಳೆ. ನನಗೆ ಅದನ್ನು ನೋಡಲಾಗುವುದಿಲ್ಲ. ಲಿಫ್ಟ್ ಬಂದರೆ ಅವಳು ಮೇಲೆ ಹೋಗುತ್ತಾಳೆ. ಹಳೆಯ ಮಂಟಪದೊಳಗೆ ಲಿಫ್ಟಿಗೆ ಜಾಗವಿಲ್ಲ. ಅದಕ್ಕೇ ಕೆಡವುವ ಮಾತು ಎತ್ತಿದೆ. ಹತ್ತು ಜನರ ಮಂಟಪವನ್ನು ಹೆಂಡತಿಯ ಮೊಣಕಾಲಿಗಾಗಿ ಕೆಡವುತ್ತೇನೆ ಎಂದು ಸಭೆಯಲ್ಲಿ ಹೇಳಲಾದೀತೇ?

ಮೀಟರನ್ನು ಇದ್ದಂತೆ ಓದದೆ ಬಿಟ್ಟದ್ದು ಇದೊಂದೇ ಸಲ. ನಿನ್ನ ಹೆಸರಿಗೆ ಮಸಿ ಬಳಿಯುವವನಿದ್ದೆ ಎಂಬುದು ನಿನ್ನ ಪತ್ರ ಓದಿದ ಮೇಲೆ ತಿಳಿಯಿತು. ಹೊಸ ವರದಿಯನ್ನೇ ಓದುತ್ತೇನೆ. ಮಂಟಪ ಉಳಿಯುತ್ತದೆ. ಕಾಕು ಕೆಳಗೇ ಉಳಿಯುತ್ತಾಳೆ, ಅದಕ್ಕೆ ನಾನೇನು ಮಾಡಲಿ.

ಬಾ. ಅವಳಿಗೆ ಇದ್ಯಾವುದೂ ಹೇಳಬೇಡ.

ಮನ್ಮಥಪ್ಪ

*

ನಾಸಿಕ
೨ ಫೆಬ್ರವರಿ ೨೦೨೬

ಕಾಕಾ ಅವರಿಗೆ ವಿಜೂಳ ಶರಣು.

ನಿನ್ನೆ ರಾತ್ರಿ ತಲುಪಿದೆ. ಲಾಸಲಗಾಂವ್ ದಾಟುವಾಗ ಡಬ್ಬಿ ತುಂಬ ಈರುಳ್ಳಿ ವಾಸನೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಒಳ್ಳೆಯ ನೆಪ ಸಿಕ್ಕಿತು.

ಎರಡು ದಿನ ನಿಮ್ಮ ಮನೆಯಲ್ಲಿ ನಾನು ಹೇಗೆ ಕಳೆದೆನೋ ನನಗೇ ಗೊತ್ತು. ನೀವು ಕಾಕುವಿಗೆ ಹೇಳಬೇಡ ಎಂದು ಬರೆದಿದ್ದಿರಿ. ಕಾಕು ಅಡುಗೆಮನೆಯಲ್ಲಿ ನಿಮಗೆ ಹೇಳಬೇಡ ಎಂದು ಕೈ ಮೇಲೆ ಆಣೆ ಹಾಕಿಸಿಕೊಂಡರು. ಇಬ್ಬರ ನಡುವೆ ಕೂತು ಚುರುಮುರಿ ಸುಸಲಾ ತಿನ್ನುತ್ತ ನಗುತ್ತಿದ್ದೆ. ಈಗ ನಾನು ಆ ಆಣೆ ಮುರಿಯುತ್ತಿದ್ದೇನೆ. ಪಾಪ ಬಂದರೆ ನನಗೇ ಬರಲಿ. ನಿಮ್ಮ ಮನೆಯಲ್ಲಿ ಹೇಳದೆ ಉಳಿದ ಮಾತು ಸಾಕಷ್ಟಾಗಿದೆ.

ಭಾನುವಾರ ಬೆಳಿಗ್ಗೆ ನೀವು ಪೂಜೆಗೆ ಕೂತಿದ್ದಾಗ ಕಾಕು ರೊಟ್ಟಿ ಬಡಿಯುತ್ತಿದ್ದರು. ‘ಕಾಕು, ಮೊಣಕಾಲು ಅಷ್ಟು ನೋಯ್ತಾವೇನು, ಮನಿಯಾಗೂ ಹಾಡಲಾರದಷ್ಟು?’ ಎಂದೆ. ಅವರು ನಕ್ಕರು.

‘ಮೊಣಕಾಲ ನೋಯ್ತಾವ, ಖರೆ ಅದ. ಆದ್ರ ಮೊಣಕಾಲಿಂದ ಯಾರ್ ಹಾಡ್ತಾರವ್ವ?’

ಮತ್ತೆ ಯಾಕೆ ಎಂದು ಕೇಳಿದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

‘ಮೊದಲ ನಾ ಒಂದ್ ಸ್ವರ ತಪ್ಪಿದ್ರ ಇವ್ರ್ ಮುಂದಿನ ಸಾಲಿನ್ಯಾಗ ಕುಂತು ಹುಬ್ಬ ಏರಸ್ತಿದ್ರು. ಸಿಟ್ಟ ಬರ್ತಿತ್ತು ನನಗ. ಆಮ್ಯಾಲ ಕಿವಿ ಹೋಯ್ತು. ನಾ ಹ್ಯಾಂಗ ಹಾಡಿದ್ರೂ ತಲಿ ತೂಗ್ಲತ್ತಿದ್ರು. ತಮಗ ಕೇಳಸ್ತದ ಅಂತ ತೋರಸ್ಲಾಕ ತೊಡಿ ಮ್ಯಾಲ ತಾಳ ಹಾಕ್ತಿದ್ರು. ಒಂದ್ ಸೋಮವಾರ ಹಾಡ ಮುಗೀತು, ನಾ ಹಾರ್ಮೋನಿಯಂ ಮುಚ್ಚಿದೆ. ಇವ್ರ್ ಕಣ್ ಮುಚ್ಚಿ ಇನ್ನಾ ತಾಳ ಹಾಕ್ಲತ್ತಿದ್ರು. ಮಂದಿ ನಕ್ಕರವ್ವ. ನನ್ನ ಮ್ಯಾಲ ನಕ್ಕಿದ್ರ ನಡೀತಿತ್ತು. ಅವತ್ತೇ ಬಿಟ್ಟೆ. ಮೊಣಕಾಲ ಅಂತ ಹೇಳ್ದೆ. ನಾ ಹೋಗಲಿಲ್ಲಂದ್ರ ಅವ್ರೂ ಹೋಗಲ್ಲ, ಯಾರ್ ನಗ್ತಾರ?’

ಮನೆಯಲ್ಲಿ ಹಾಡದಿರುವುದಕ್ಕೂ ಕಾರಣ ಇದೇ. ತುಟಿ ನೋಡಿ ನೀವು ವಚನ ಗುರುತಿಸುತ್ತೀರಿ, ಹಾಡಿದ್ದು ನೋಡಿದರೆ ಸೋಮವಾರ ನಡೆ ಎಂದು ಹೊರಡಿಸುತ್ತೀರಿ ಎಂಬ ಅಂಜಿಕೆ.

ಕಾಕಾ, ನೀವು ಅವರಿಗಾಗಿ ಒಂದು ಮಂಟಪವನ್ನೇ ಕೆಡವಲು ಹೊರಟಿರಿ. ಅವರು ನಿಮಗಾಗಿ ಹಾಡನ್ನೇ ಬಿಟ್ಟರು. ಇಬ್ಬರೂ ಒಬ್ಬರಿಗೊಬ್ಬರು ಮೊಣಕಾಲಿನ ಸುಳ್ಳನ್ನು ಕಾಯ್ದುಕೊಂಡು ಕೂತಿದ್ದೀರಿ. ನಾನು ಕಂಪ್ಯೂಟರಿನಲ್ಲಿ ಒಂದು ಗುರುತು ಮರೆತದ್ದಕ್ಕೆ ನಿದ್ದೆಗೆಟ್ಟೆ. ನೀವಿಬ್ಬರೂ ನನಗಿಂತ ದೊಡ್ಡ ತಪ್ಪು ಲೆಕ್ಕದವರು.

ಸಂಜೆ ಗಾಡಿಗೆ ಮೊದಲು ಕಾಕುವನ್ನು ಮಾರುಕಟ್ಟೆಗೆಂದು ಕರೆದುಕೊಂಡು ಹೋದೆನಲ್ಲ, ನಾವು ಹೋದದ್ದು ಮಂಟಪಕ್ಕೆ. ನನ್ನ ಭುಜ ಹಿಡಿದು, ನಡುನಡುವೆ ನಿಂತು ಮೊಣಕಾಲನ್ನು ಬೈಯುತ್ತ ಮೇಲೆ ಹತ್ತಿದರು. ಮಹಡಿಯಲ್ಲಿ ಹಾರ್ಮೋನಿಯಂ ಮೇಲಿನ ಬಟ್ಟೆ ತೆಗೆದು ಧೂಳು ಒರೆಸಿದರು. ನುಡಿಸಲಿಲ್ಲ. ಆದರೆ ಒಂದು ಸ್ವರದ ಮೇಲೆ ಬೆರಳಿಟ್ಟು ತಿದಿಯನ್ನು ಒಮ್ಮೆ ಒತ್ತಿದರು. ನಾನು ಪಕ್ಕದಲ್ಲಿ ಅದರ ಮರದ ಮೇಲೆ ಕೈ ಊರಿ ಕೂತಿದ್ದೆ. ಒಂದೇ ಸ್ವರ, ಅಂಗೈ ತುಂಬ ಬಂತು. ಕಿವಿಯ ಹಂಗಿಲ್ಲದೆ ಬಂತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಾದರಿಯಲ್ಲಿ ಎರಡು ಬದಲಾವಣೆ ಮಾಡಿದ್ದೇನೆ. ಮೆಟ್ಟಿಲಿಗೆ ಕಟಕಟೆ. ಹಿಂದಿನ ಹೊಸ ಕೋಣೆಗಳಿಗೆ ಹೇಗೂ ಲಿಫ್ಟ್ ಬೇಕು, ಅದರ ಬಾಗಿಲು ಮಹಡಿಯ ಹಿಂದಿನ ಕಿಟಕಿಯ ಕಡೆ ತೆರೆಯುವಂತೆ ಇಟ್ಟಿದ್ದೇನೆ. ಆ ಕಿಟಕಿ ಬಾಗಿಲಾಗುತ್ತದೆ. ಒಂದು ಗೋಡೆಯೂ ಬೀಳುವುದಿಲ್ಲ. ಯೂನಿಟ್ ಸ್ವಲ್ಪ ಏರಿತು, ಎರಡೂ ಮುಕ್ಕಾಲು ಲಕ್ಷ. ಈ ಸಲ ಗುರುತು ಸರಿಯಾಗಿ ಹಾಕಿದ್ದೇನೆ.

ವಿಜೂ

*

ಸಂಭಾಜಿನಗರ
೧೭ ಫೆಬ್ರವರಿ ೨೦೨೬

ಚಿ. ವಿಜೂಗೆ ನಿನ್ನ ಕಾಕಾನ ಆಶೀರ್ವಾದಗಳು.

ಉತ್ತರ ತಡವಾಯಿತು. ನಿನ್ನ ಪತ್ರ ಓದಿ ಎರಡು ದಿನ ಯಾರ ಮುಖವನ್ನೂ ನೋಡಲಿಲ್ಲ. ಮಂದಿ ನಕ್ಕದ್ದು ನನಗೆ ಗೊತ್ತಿರಲಿಲ್ಲ. ಅವಮಾನವಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಯೋಚಿಸಿದೆ. ನಕ್ಕದ್ದು ನನಗೆ ಕೇಳಿಸಲಿಲ್ಲ, ಅವಳಿಗೆ ಕೇಳಿಸಿತು. ಇಷ್ಟು ದಿನ ನನ್ನ ಪಾಲಿನ ಅವಮಾನವನ್ನೂ ಅವಳೇ ಹೊತ್ತಿದ್ದಾಳೆ. ಅದು ತಿಳಿದ ಮೇಲೆ ಮುಖ ತಿರುಗಿಸಿ ಕೂರುವುದು ನಾಚಿಕೆ ಎನಿಸಿತು.

ಎಂಟಕ್ಕೆ ಸಭೆ ಆಯಿತು. ಮೊದಲಿನ ವರದಿ ತಪ್ಪೆಂದು, ಆ ತಪ್ಪು ನನಗೆ ಮೊದಲೇ ಗೊತ್ತಿತ್ತೆಂದು ಎದ್ದು ನಿಂತು ಹೇಳಿದೆ. ಕೆಲವರು ಏನೋ ಅಂದರು. ಕೇಳಿಸಲಿಲ್ಲ, ಕಿವುಡಿನಿಂದ ಇಂಥ ಲಾಭಗಳೂ ಉಂಟು. ನಿನ್ನ ಹೊಸ ಅಂಕಿಗಳನ್ನು ಓದಿದೆ. ವಿಶ್ವನಾಥಪ್ಪನವರು ಹಾಳೆಯ ಮೇಲೆ ಬರೆದು ನನ್ನ ಮುಂದೆ ಹಿಡಿದರು: ‘ಅಂದ್ರ ಈ ಗೋಡಿ ತನ್ನ ಊಟ ಎಂದೋ ಮುಗಿಸ್ಯದ. ಇನ್ನ ಹೊಸದಕ್ಕ ಯಾಕ ಬಡಸಬೇಕು ಅನ್ರಿ.’ ಹೌದು ಎಂದೆ. ಎಲ್ಲರೂ ಕೈ ಎತ್ತಿದರು. ಪುಣೆಯ ಸಂಸ್ಥೆಗೆ ನಿನ್ನ ಕಾಗದ ಹೋಗಿದೆ. ಮಂಟಪ ನಿಲ್ಲುತ್ತದೆ.

ನಿನ್ನ ಕಾಕುವಿಗೆ ನೀನು ಆಣೆ ಮುರಿದದ್ದನ್ನು ಹೇಳಲಿಲ್ಲ. ಆದರೆ ಮೊನ್ನೆ ಶಿವರಾತ್ರಿಯ ಉಪವಾಸ ಬಿಡುವಾಗ ಅವಳ ಮುಂದೆ ಕೂತು ಹೇಳಿದೆ, ‘ನನಗ ಏನೂ ಕೇಳಸಲ್ಲ. ಪೂರಾ ಹೋಗ್ಯದ. ತಲಿ ತೂಗಿದ್ದು ನಾಟಕ.’ ಇಷ್ಟು ವರ್ಷದಲ್ಲಿ ಆ ಮಾತನ್ನು ಅವಳಿಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವಳು ಅತ್ತಳು. ‘ನಾಳಿ ಸೋಮವಾರ ಅದ. ಕೋಣ ಕೇಳ್ಲಿ ಬಿಡ್ಲಿ, ಕಿನ್ನರಿ ನಿಲ್ಲಬಾರದು’ ಎಂದೆ. ಅಳುತ್ತಲೇ ನಕ್ಕಳು.

ನಿನ್ನೆ ಹೋದೆವು. ಕಟಕಟೆ ಇನ್ನೂ ಬಂದಿಲ್ಲ, ನನ್ನ ಭುಜವೇ ಕಟಕಟೆ. ಮೇಲೆ ತಲುಪಿದ ಮೇಲೆ ನಾನು ಮುಂದಿನ ಸಾಲಿಗೆ ಹೋಗಲಿಲ್ಲ. ಅವಳ ಪಕ್ಕದಲ್ಲೇ ಕೂತು ಹಾರ್ಮೋನಿಯಂ ಮೇಲೆ ಅಂಗೈ ಇಟ್ಟೆ. ಅವಳು ನನ್ನ ಕಡೆ ತಿರುಗಿ ತುಟಿ ಆಡಿಸಿದಳು, ‘ತಿಳೀತದೇನ್ರಿ?’ ‘ಹಾಡು, ನೋಡಮ್’ ಎಂದೆ.

ಅಂಗೈಗೆ ಎಷ್ಟು ಬಂತೆಂದು ಯೂನಿಟ್ಟಿನಲ್ಲಿ ಕೇಳಬೇಡ. ಅದನ್ನು ಓದುವ ಮೀಟರ್ ಮಂಡಳಿಯಲ್ಲಿ ಇರಲಿಲ್ಲ. ಮೊದಮೊದಲು ಬರಿಯ ನಡುಕ, ಆಮೇಲೆ ಏರಿಳಿತ ತಿಳಿಯಿತು, ಒಂದೆಡೆ ಅವಳು ಉಸಿರು ತೆಗೆದುಕೊಂಡದ್ದೂ ತಿಳಿಯಿತು. ತಾಳ ಹಾಕಲಿಲ್ಲ. ತಲೆ ತೂಗಲಿಲ್ಲ. ಕಲ್ಲಿನ ಗೋಡೆಗೆ ಬೆನ್ನು ಹಚ್ಚಿ ಸುಮ್ಮನೆ ಕೂತಿದ್ದೆ. ಕೊನೆಯ ಸ್ವರ ಮರದೊಳಗೆ ಸಣ್ಣಗಾಗುತ್ತ ಹೋಗಿ ನಿಂತಿತು. ಜನ ಇನ್ನೂ ಕಣ್ಣು ಮುಚ್ಚಿ ಕೂತಿದ್ದರು.

ಹಾಡು ಮುಗಿಯಿತೆಂದು ಈ ಸಲ ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೆ.

ನಿನ್ನ ಕಾಕಾ
ಮನ್ಮಥಪ್ಪ